ಸಂತೆ ಶುಕ್ರವಾರ, ಅಡುಗೆ ವಾರವಿಡೀ

ನಮ್ಮದು ಮಡಿಕೇರಿಯಲ್ಲಿ ಬಾಡಿಗೆ ಮನೆ. ನಾನು ಇಲ್ಲೇ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದೇನೆ, ಯಜಮಾನರು ದಿನಾ ಕುಶಾಲನಗರಕ್ಕೆ ಹೋಗಿ ಬರುತ್ತಾರೆ. ಮಕ್ಕಳಿಬ್ಬರು, ಜೊತೆಗೆ ಶನಿವಾರಸಂತೆ ಕಡೆಯಿಂದ ಬಂದು ನಮ್ಮೊಂದಿಗಿರುವ ಅತ್ತೆ. ಸಂಜೆ ಮನೆ ಸೇರಿ ಕಾಫಿ ಕುಡಿದು ಅಡುಗೆಮನೆಗೆ ಹೊಕ್ಕರೆ ಊಟಕ್ಕೆ ಕೂರುವಷ್ಟರಲ್ಲಿ ಒಂಬತ್ತು ಗಂಟೆ. ಅಷ್ಟರಲ್ಲಿ ಮಕ್ಕಳು ಬೇಕರಿಯ ಪಫ್ಸೋ ಬಿಸ್ಕತ್ತೋ ತಿಂದು ಹಸಿವು ಕೆಡಿಸಿಕೊಂಡಿರುತ್ತಿದ್ದರು. ಅತ್ತೆಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟವಾಗಲೇಬೇಕು. ಇದಕ್ಕೊಂದು ದಾರಿ ಹುಡುಕಲೇಬೇಕು ಅಂತ ಹೊರಟಾಗ ಕಣ್ಣಿಗೆ ಬಿದ್ದದ್ದು ಈ ಮೀಲ್ ಪ್ರೆಪ್, ಅಂದರೆ ವಾರದ ಅಡುಗೆಯ ತಯಾರಿಯನ್ನು ಮುಂಚೆಯೇ ಮಾಡಿಟ್ಟುಕೊಳ್ಳುವುದು.

ಮೊಬೈಲಿನಲ್ಲಿ ನೋಡಿದ ವಿಡಿಯೋಗಳಲ್ಲೆಲ್ಲ ಒಂದೇ ನೋಟ. ಭಾನುವಾರ ಮಧ್ಯಾಹ್ನ ಮೇಜಿನ ಮೇಲೆ ಸಾಲಾಗಿ ಡಬ್ಬಿಗಳು, ಪ್ರತಿಯೊಂದರಲ್ಲೂ ಅದೇ ಅನ್ನ, ಅದೇ ಕೋಳಿ, ಅದೇ ಹಸಿರು ತರಕಾರಿ. ಐದು ದಿನ ಒಂದೊಂದಾಗಿ ತೆಗೆದು ಬಿಸಿ ಮಾಡಿ ತಿನ್ನುವುದು. ಒಬ್ಬರೇ ಇರುವವರಿಗೆ ಅದು ಸರಿಹೋಗಬಹುದು. ನಮ್ಮ ಮನೆಯಲ್ಲಿ ಭಾನುವಾರದ ಪಲ್ಯವನ್ನು ಗುರುವಾರ ಬಡಿಸಿದರೆ ಯಾರೂ ಕೈ ಹಾಕುವುದಿಲ್ಲ. ಮುದ್ದೆ ಬಿಸಿಯಾಗಿಯೇ ಇರಬೇಕು, ರೊಟ್ಟಿ ಹೆಂಚಿನಿಂದ ನೇರ ತಟ್ಟೆಗೆ ಬರಬೇಕು. ಅತ್ತೆಯಂತೂ ತಂಗಳು ಮುಟ್ಟುವವರೇ ಅಲ್ಲ. ಅವರ ಮಾತನ್ನು ನಾನು ಹಟ ಅಂತ ತಿಳಿಯಲಿಲ್ಲ. ಫ್ರಿಜ್ ಇಲ್ಲದ ಕಾಲದಲ್ಲಿ ದೊಡ್ಡ ಕುಟುಂಬ ಸಾಕಿದವರು, ಯಾವುದು ಕೆಡುತ್ತದೆ, ಯಾವುದು ನಿಲ್ಲುತ್ತದೆ ಅನ್ನುವುದು ಅವರಿಗೆ ಮೂಗಿನಲ್ಲೇ ಗೊತ್ತಾಗುತ್ತದೆ.

ಹಾಗಾಗಿ ಮೊದಲು ಡಬ್ಬಿ ಕೊಳ್ಳಲು ಹೋಗಲಿಲ್ಲ. ಸಂಜೆಯ ಆ ಎರಡೂವರೆ ಗಂಟೆ ಎಲ್ಲಿ ಹೋಗುತ್ತದೆ ಅಂತ ಕೆಲವು ದಿನ ಮಗಳ ಹಳೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಬೆಳ್ಳುಳ್ಳಿ ಸುಲಿಯುವುದು, ಈರುಳ್ಳಿ ಹೆಚ್ಚುವುದು, ಕಾಯಿ ತುರಿಯುವುದು, ಮಸಾಲೆ ಹುರಿದು ರುಬ್ಬುವುದು, ಬೀನ್ಸಿನ ನಾರು ತೆಗೆಯುವುದು, ಬೇಳೆ ಬೇಯುವುದನ್ನು ಕಾಯುವುದು. ಒಲೆಯ ಮುಂದೆ ನಿಂತು ನಿಜವಾಗಿ ಅಡುಗೆ ಮಾಡುತ್ತಿದ್ದದ್ದು ಅರ್ಧ ಗಂಟೆ ಮೀರುತ್ತಿರಲಿಲ್ಲ. ಉಳಿದದ್ದೆಲ್ಲ ಅಡುಗೆಗೆ ಮುಂಚಿನ ಕೆಲಸ. ಆ ಕೆಲಸವನ್ನು ವಾರಕ್ಕೊಮ್ಮೆ ಒಟ್ಟಿಗೆ ಮುಗಿಸಿ, ಒಗ್ಗರಣೆ ಮತ್ತು ಕುದಿ ಮಾತ್ರ ಆಯಾ ಹೊತ್ತಿಗೆ ಬಿಟ್ಟುಕೊಂಡರೆ ಅತ್ತೆಗೂ ತಂಗಳಾಗುವುದಿಲ್ಲ, ನನಗೂ ಸಂಜೆ ಉಳಿಯುತ್ತದೆ. ಅಂದಿನಿಂದ ನಮ್ಮ ಮನೆಯ ಪದ್ಧತಿ ನಿಂತಿರುವುದು ಇದರ ಮೇಲೆಯೇ.

ವಿಡಿಯೋದವರು ಭಾನುವಾರ ಅನ್ನುತ್ತಾರೆ. ಮಡಿಕೇರಿಯಲ್ಲಿ ಸಂತೆ ಶುಕ್ರವಾರ. ಶುಕ್ರವಾರ ತಂದ ಸೊಪ್ಪು ಭಾನುವಾರದವರೆಗೆ ಚೀಲದಲ್ಲಿ ಬಿದ್ದಿದ್ದರೆ ಅರ್ಧ ಹಳದಿ, ಅರ್ಧ ಕೊಳೆತ. ಕುಶಾಲನಗರದವರಿಗೆ ಮಂಗಳವಾರ, ವಿರಾಜಪೇಟೆಯವರಿಗೆ ಬುಧವಾರ, ಗೋಣಿಕೊಪ್ಪದವರಿಗೆ ಭಾನುವಾರ ಸಂತೆ. ಅವರವರ ಸಂತೆಯ ಮರುದಿನವೇ ಅವರವರ ತಯಾರಿಯ ದಿನ ಆಗಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ನಾನು ಶುಕ್ರವಾರ ಕಚೇರಿ ಬಿಟ್ಟ ಮೇಲೆ ಸಂತೆಗೆ ಹೋಗಿ ಬರುತ್ತೇನೆ. ಎರಡನೇ, ನಾಲ್ಕನೇ ಶನಿವಾರ ರಜೆ, ಆ ವಾರಗಳಲ್ಲಿ ಬೆಳಿಗ್ಗೆಯೇ ಕೂರುತ್ತೇನೆ. ಉಳಿದ ವಾರ ಶನಿವಾರ ಸಂಜೆ.

ಶುಕ್ರವಾರ ರಾತ್ರಿಯ ಕೆಲಸ ಸಣ್ಣದು, ಆದರೆ ಬಿಡುವ ಹಾಗಿಲ್ಲ. ಕಾಳು ನೆನೆಹಾಕುವುದು, ತರಕಾರಿ ಬೇರೆ ಮಾಡುವುದು. ಮೊದಲು ತಿನ್ನಬೇಕಾದದ್ದು ಮುಂದೆ, ತಾಳುವಂಥದ್ದು ಹಿಂದೆ. ಸೊಪ್ಪು, ಬೆಂಡೆ, ನುಗ್ಗೆ ಸೋಮವಾರದೊಳಗೆ ಮುಗಿಯಬೇಕು. ಬೀನ್ಸ್, ಕ್ಯಾರೆಟ್, ಕೋಸು ಬುಧವಾರದವರೆಗೆ ಇರುತ್ತವೆ. ಗೆಣಸು, ಕೆಸುವಿನ ಗೆಡ್ಡೆ, ಸುವರ್ಣಗೆಡ್ಡೆ, ಸೀಮೆ ಬದನೆ ವಾರ ಕಳೆದರೂ ಏನೂ ಆಗುವುದಿಲ್ಲ. ಮೂರು ಬುಟ್ಟಿ ಇಟ್ಟು ಹಾಗೆ ಹಂಚಿದ ಮೇಲೆ ಇವತ್ತು ಏನು ಮಾಡಲಿ ಅನ್ನುವ ಪ್ರಶ್ನೆಯೇ ಹೋಯಿತು, ಬುಟ್ಟಿಯೇ ಹೇಳುತ್ತದೆ.

ಹೆಚ್ಚಿಟ್ಟ ತರಕಾರಿಗೆ ಇಲ್ಲಿ ದೊಡ್ಡ ಶತ್ರು ಒದ್ದೆ. ಬೀನ್ಸನ್ನು ಮೊದಲು ತೊಳೆದು, ಹಳೆ ಪಂಚೆಯ ಬಟ್ಟೆಯ ಮೇಲೆ ಹರಡಿ ಫ್ಯಾನ್ ಹಾಕಿ, ಕೈಗೆ ನೀರು ತಗಲದಷ್ಟು ಒಣಗಿದ ಮೇಲೆ ಹೆಚ್ಚುತ್ತೇನೆ. ಹೆಚ್ಚಿದ ಮೇಲೆ ತೊಳೆದರೆ ಮುಗಿಯಿತು, ಮೂರನೇ ದಿನಕ್ಕೆ ಲೋಳೆ. ಸ್ಟೀಲ್ ಡಬ್ಬಿಯ ತಳಕ್ಕೆ ಒಂದು ತುಂಡು ಹತ್ತಿ ಬಟ್ಟೆ, ಮೇಲೆ ತರಕಾರಿ, ಮತ್ತೆ ಮೇಲೊಂದು ಬಟ್ಟೆ. ಸೊಪ್ಪನ್ನು ತೊಳೆಯುವುದೇ ಇಲ್ಲ. ಬೇರು ಕತ್ತರಿಸಿ, ಕೊಳೆತ ಎಲೆ ತೆಗೆದು ಬಟ್ಟೆಯಲ್ಲಿ ಸುತ್ತಿಡುತ್ತೇನೆ. ಹಿಂದೆ ನ್ಯೂಸ್ ಪೇಪರಿನಲ್ಲಿ ಸುತ್ತುವ ರೂಢಿ ಇತ್ತು, ಮುದ್ರಣದ ಶಾಯಿ ಆಹಾರಕ್ಕೆ ತಗಲುವುದು ಒಳ್ಳೆಯದಲ್ಲ ಅಂತ ಅದನ್ನು ಬಿಟ್ಟೆವು.

ಶನಿವಾರದ ದೊಡ್ಡ ಕೆಲಸ ಕಾಯಿ ಮತ್ತು ಮಸಾಲೆ. ಯಜಮಾನರು ತುರಿಮಣೆ ಮೇಲೆ ಕೂತರೆ ನಾಲ್ಕೈದು ಕಾಯಿ ತುರಿದೇ ಏಳುವುದು. ಬರೀ ತುರಿಯನ್ನು ಒಂದು ಹೊತ್ತಿಗೆ ಬೇಕಾಗುವಷ್ಟೇ ಸಣ್ಣ ಡಬ್ಬಿಗಳಲ್ಲಿ ಫ್ರೀಜರಿಗೆ ಹಾಕುತ್ತೇವೆ, ಅದು ತಿಂಗಳವರೆಗೂ ಚೆನ್ನಾಗಿರುತ್ತದೆ. ರುಬ್ಬಿದ ಕಾಯಿ ಮಸಾಲೆ ಹೊರಗೆ ಒಂದು ರಾತ್ರಿಯೂ ತಾಳುವುದಿಲ್ಲ. ಅದನ್ನು ಐಸ್ ಟ್ರೇಯಲ್ಲಿ ಹಾಕಿ ಗಟ್ಟಿ ಮಾಡಿ, ಆಮೇಲೆ ಬಿಡಿಸಿ ಡಬ್ಬಿಗೆ ತುಂಬುತ್ತೇನೆ. ಸಾರಿಗೆ ಆರು ತುಂಡು, ಗಸಿಗೆ ಹತ್ತು ತುಂಡು, ಹೀಗೆ ಲೆಕ್ಕ. ಬೆಳ್ಳುಳ್ಳಿ ಸುಲಿಯುವುದು ಮಗನ ಪಾಲು, ಡಬ್ಬಿಗೆ ಚೀಟಿ ಅಂಟಿಸಿ ತಾರೀಖು ಬರೆಯುವುದು ಮಗಳ ಪಾಲು. ಸುಲಿದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಗಾಳಿಯಿಲ್ಲದ ಎಣ್ಣೆಯೊಳಗೆ ಬಾಟುಲಿಸಂ ಅನ್ನುವ ಅಪಾಯಕಾರಿ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು, ವಾಸನೆಯಲ್ಲೂ ಗೊತ್ತಾಗದು. ಒಣ ಡಬ್ಬಿಯಲ್ಲಿ ಫ್ರಿಜ್‌ನೊಳಗಿಟ್ಟರೆ ಸಾಕು.

ಕೊಡಗಿನಲ್ಲಿದ್ದು ಒಣ ಮಸಾಲೆಯ ಮಾತು ಬಿಟ್ಟರೆ ಆಗುವುದಿಲ್ಲ. ಪಕ್ಕದ ಮನೆಯ ಕೊಡವ ಆಂಟಿ ಕಲಿಸಿಕೊಟ್ಟ ಪಂದಿ ಕರಿಯ, ಅಂದರೆ ಹಂದಿ ಮಾಂಸದ ಅಡುಗೆಯ, ಮಸಾಲೆ ನಮ್ಮ ಮನೆಯಲ್ಲಿ ಈಗ ಸದಾ ಒಂದು ಶೀಷೆ ಇರುತ್ತದೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಸಾಸಿವೆ, ಚಿಟಿಕೆ ಮೆಂತ್ಯ. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿಯಬಾರದು. ಕೊತ್ತಂಬರಿಗೆ ಹೊತ್ತು ಬೇಕು, ಸಾಸಿವೆ ಬೇಗ ಸಿಡಿಯುತ್ತದೆ, ಮೆಂತ್ಯ ಒಂದು ಗಳಿಗೆ ಹೆಚ್ಚಾದರೂ ಇಡೀ ಮಸಾಲೆ ಕಹಿ. ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈ ನಿಲ್ಲಿಸದೆ ಆಡಿಸುತ್ತ ಇದ್ದರೆ ಕೊತ್ತಂಬರಿ ಮೊದಲು ಹೊಂಬಣ್ಣಕ್ಕೆ ಬಂದು, ಆಮೇಲೆ ಕಂದಾಗಿ, ಕೊನೆಗೆ ಚೆನ್ನಾಗಿ ಹುರಿದ ಕಾಫಿ ಬೀಜದ ಬಣ್ಣಕ್ಕೆ ತಿರುಗುತ್ತದೆ. ಕಣ್ಣು ಉರಿಸುವ ಹೊಗೆ ಏಳುವ ಮುಂಚೆ, ಘಮ ಬದಲಾದ ಕೂಡಲೇ ಕೆಳಗಿಳಿಸಿ ಬೇರೆ ತಟ್ಟೆಗೆ ಹಾಕಬೇಕು, ಬಾಣಲೆಯ ಕಾವಿನಲ್ಲೇ ಬಿಟ್ಟರೆ ಸೀದುಹೋಗುತ್ತದೆ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ ಗಾಜಿನ ಶೀಷೆಗೆ. ಈ ಪುಡಿ ಇದ್ದರೆ ಭಾನುವಾರದ ಹಂದಿ ಮಾಂಸದ ಅಡುಗೆಗೆ ಅರ್ಧ ಕೆಲಸ ಆದ ಹಾಗೆ. ಅಣಬೆಗೂ ಹಾಕುತ್ತೇನೆ, ಹುರುಳಿ ಸಾರಿಗೂ ಅರ್ಧ ಚಮಚ.

ಪಂದಿ ಕರಿಗೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿಯನ್ನು ನೋಡಿದಾಗಲೆಲ್ಲ ಇಲ್ಲಿಯವರು ತಲೆಮಾರುಗಳಿಂದ ಇದೇ ಕೆಲಸ ಮಾಡಿಕೊಂಡು ಬಂದಿದ್ದಾರಲ್ಲ ಅನ್ನಿಸುತ್ತದೆ. ಮಳೆಗಾಲದಲ್ಲಿ ಹಣ್ಣಾಗುವ ಪಣಪುಳಿಯನ್ನು ಬುಟ್ಟಿಯಲ್ಲಿ ಹಾಕಿ, ತಾನಾಗಿ ಸೋರುವ ರಸವನ್ನು ಪಾತ್ರೆಯಲ್ಲಿ ಹಿಡಿದು, ಕಪ್ಪಗೆ ದಪ್ಪಗಾಗುವವರೆಗೆ ಕುದಿಸಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಆ ಹುಳಿಯೇ ಮಾಂಸವನ್ನೂ ಕಾಪಾಡುತ್ತದೆ. ಪಂದಿ ಕರಿ ಮಾಡಿದ ದಿನಕ್ಕಿಂತ ಮರುದಿನ ರುಚಿ ಅಂತ ಆಂಟಿ ಹೇಳಿದ್ದು ಸತ್ಯ. ಹಾಗಂತ ವಾರವಿಡೀ ಇಡುವುದಿಲ್ಲ. ಭಾನುವಾರದ್ದು ಫ್ರಿಜ್‌ನಲ್ಲಿ ಮಂಗಳವಾರದವರೆಗೆ, ತೆಗೆದಷ್ಟನ್ನೇ ಕುದಿಸಿ ತಿನ್ನುವುದು, ಕುದಿಸಿದ್ದನ್ನು ಮತ್ತೆ ಒಳಗಿಡುವುದಿಲ್ಲ.

ಕಡುಬಿನ ತರಿಯೂ ಆಂಟಿಯ ಕೊಡುಗೆ. ಅಕ್ಕಿ ತೊಳೆದು ಬಸಿದು, ಬಟ್ಟೆಯ ಮೇಲೆ ಒಣಗಿಸಿ, ತರಿತರಿಯಾಗಿ ಒಡೆದು, ನುಣುಪು ಹಿಟ್ಟನ್ನು ಜರಡಿಯಲ್ಲಿ ಬೇರೆ ಮಾಡಿ ಇಟ್ಟುಕೊಳ್ಳುವುದು. ಹಿಟ್ಟು ರೊಟ್ಟಿಗೆ, ತರಿ ಕಡುಬಿಗೆ ಮತ್ತು ಹಾಲು, ಕಾಯಿ ಸೇರಿಸಿ ಹಬೆಯಲ್ಲಿ ಬೇಯಿಸುವ ಪಾಪುಟ್ಟಿಗೆ. ಬೆಳಿಗ್ಗೆ ಒಂದು ಲೋಟ ತರಿಗೆ ಎರಡು ಲೋಟದಷ್ಟು ನೀರು ಕುದಿಸಿ, ಉಪ್ಪು ಹಾಕಿ ಕೆದಕಿ, ಕೈಗೆ ತುಪ್ಪ ಸವರಿಕೊಂಡು ಉಂಡೆ ಕಟ್ಟಿ ಹಬೆಗಿಟ್ಟರೆ ಮಕ್ಕಳು ಸ್ನಾನ ಮುಗಿಸುವಷ್ಟರಲ್ಲಿ ತಿಂಡಿ ರೆಡಿ. ಇದಕ್ಕಿಂತ ಒಳ್ಳೆಯ ಮುಂತಯಾರಿ ನಾನು ಯಾವ ವಿಡಿಯೋದಲ್ಲೂ ನೋಡಲಿಲ್ಲ.

ಕಾಳಿನ ವಿಷಯ. ಹುರುಳಿ, ಅಲಸಂದೆ, ಕಡಲೆ, ಹೆಸರು ಈ ನಾಲ್ಕರಲ್ಲಿ ವಾರಕ್ಕೆ ಎರಡು. ಶುಕ್ರವಾರ ರಾತ್ರಿ ನೆನೆದದ್ದರಲ್ಲಿ ಅರ್ಧವನ್ನು ಶನಿವಾರ ಕುಕ್ಕರಿಗೆ, ಉಳಿದರ್ಧ ಮೊಳಕೆಗೆ. ಮಡಿಕೇರಿಯ ಚಳಿಯಲ್ಲಿ ಮೊಳಕೆ ಸುಮ್ಮನೆ ಬರುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಹಾಟ್‌ಬಾಕ್ಸಿನೊಳಗೆ ಮುಚ್ಚಿಡಬೇಕು. ದೋಸೆ ಹಿಟ್ಟೂ ಹಾಗೆಯೇ. ಬಯಲುಸೀಮೆಯಲ್ಲಿ ಒಂದು ರಾತ್ರಿಗೆ ಉಕ್ಕುವ ಹಿಟ್ಟು ಇಲ್ಲಿ ಡಿಸೆಂಬರಿನಲ್ಲಿ ಮರುದಿನ ಮಧ್ಯಾಹ್ನವಾದರೂ ಅಲ್ಲಾಡುವುದಿಲ್ಲ. ಆದ್ದರಿಂದ ಶನಿವಾರ ಕೆಲಸಕ್ಕೆ ಕೂತ ಕೂಡಲೇ ಮೊದಲು ಅದನ್ನೇ ರುಬ್ಬಿ ಒಲೆಯ ಬಳಿ ಇಡುತ್ತೇನೆ. ಇನ್ನೊಂದು ಮಾತು, ಸಮುದ್ರ ಮಟ್ಟದಿಂದ 1,100 ಮೀಟರಿಗೂ ಮೇಲಿರುವ ಈ ಊರಿನಲ್ಲಿ ನೀರು ಕುದಿಯುವುದು 96 ಡಿಗ್ರಿಯ ಆಸುಪಾಸಿನಲ್ಲಿ. ತೆರೆದ ಪಾತ್ರೆಯಲ್ಲಿ ಕಾಳು ಬೇಯಿಸಲು ಹೋದರೆ ಗ್ಯಾಸು ಖರ್ಚು, ಬೇಯುವುದೂ ತಡ. ಕುಕ್ಕರೇ ಸರಿ.

ಬೇಯಿಸಿದ್ದನ್ನು ತಣಿಸುವುದರಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಸರಳ. ಬೇಯಿಸಿದ ಆಹಾರವನ್ನು 2 ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ, ಇಟ್ಟರೆ 5 ಡಿಗ್ರಿಗಿಂತ ತಣ್ಣಗಿಡಿ, ಇಲ್ಲವಾದರೆ 60 ಡಿಗ್ರಿಗಿಂತ ಬಿಸಿಯಾಗಿಡಿ. ನಡುವಿನದ್ದು ಸೂಕ್ಷ್ಮಜೀವಿಗಳಿಗೆ ಹಿತವಾದ ಹವೆ. "ನಮ್ಮೂರೇ ಒಂದು ಫ್ರಿಜ್, ಹೊರಗಿಟ್ಟರೆ ಏನಾಗುತ್ತೆ?" ಅಂತ ಬಹಳ ಜನ ಕೇಳುತ್ತಾರೆ. ಮೈ ನಡುಗಿಸುವ ಜುಲೈ ತಿಂಗಳಲ್ಲೂ ಅಡುಗೆಮನೆಯ ಒಳಗೆ ಇಪ್ಪತ್ತು ಡಿಗ್ರಿಯ ಹತ್ತಿರ ಇರುತ್ತದೆ, ಅದು 5ಕ್ಕೂ 60ಕ್ಕೂ ನಡುವೆಯೇ ಬಂತಲ್ಲ. ಬೆಂದ ಕಾಳನ್ನು ಅಗಲದ ಪರಾತಕ್ಕೆ ಸುರಿದು ಹರಡುತ್ತೇನೆ, ಸಾರಿನ ಪಾತ್ರೆಯಾದರೆ ತಣ್ಣೀರು ತುಂಬಿದ ಟಬ್ಬಿನಲ್ಲಿಟ್ಟು ಸೌಟಿನಲ್ಲಿ ತಿರುವುತ್ತೇನೆ. ಬೇಗ ಆರುತ್ತದೆ. ಮೂರು ದಿನದ್ದು ಕೆಳಗೆ ಫ್ರಿಜ್‌ನಲ್ಲಿ, ಅದಕ್ಕಿಂತ ಮೇಲಿನದ್ದು ಬೇಯಿಸಿದ ಕಟ್ಟಿನ ಸಮೇತ ಫ್ರೀಜರಿನಲ್ಲಿ.

ಅನ್ನವನ್ನು ಮುಂಚೆ ಮಾಡಿಡುವುದೇ ಇಲ್ಲ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣು ಕುದಿಯಲ್ಲೂ ಸಾಯದೆ ಉಳಿಯುತ್ತದೆ, ಅನ್ನ ಉಗುರುಬೆಚ್ಚಗೆ ಹೊರಗಿದ್ದಷ್ಟೂ ಬೆಳೆದು ವಿಷ ಉಂಟುಮಾಡುತ್ತದೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ರಾತ್ರಿ ಉಳಿದ ಅನ್ನವನ್ನು ಊಟ ಮುಗಿದ ಕೂಡಲೇ ಫ್ರಿಜ್‌ಗೆ ಸೇರಿಸಿ, ಬೆಳಿಗ್ಗೆ ಅಕ್ಕಿ ಹಿಟ್ಟಿನ ಜೊತೆ ನಾದಿ ರೊಟ್ಟಿ ತಟ್ಟುತ್ತೇವೆ. ಕೊಡವರ ಅಕ್ಕಿ ಒಟ್ಟಿಯೂ ಅನ್ನ ಸೇರಿಸಿ ನಾದಿದ್ದೇ. ಮೆತ್ತಗೆ ಉಬ್ಬಿ ಬರುತ್ತದೆ. ಇದನ್ನು ಮಾತ್ರ ಅತ್ತೆ ತಂಗಳು ಅನ್ನುವುದಿಲ್ಲ.

ಈ ಪದ್ಧತಿ ಒಂದು ಹದಕ್ಕೆ ಬಂತು ಅನ್ನುವಾಗ ಮಳೆಗಾಲ ಬಂತು. ಕೊಡಗಿನಲ್ಲಿ ಯಾವ ಯೋಜನೆಯೂ ಜೂನ್ ದಾಟಿದ ಮೇಲೆಯೇ ಗಟ್ಟಿಯೋ ಟೊಳ್ಳೋ ಗೊತ್ತಾಗುವುದು. ಮರ ಬಿದ್ದು ಲೈನು ಕಡಿದರೆ ಕರೆಂಟು ಬರುವುದು ಯಾವಾಗಲೋ. ಬಾಗಿಲು ತೆಗೆಯದೆ ಇದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ. ಫ್ರೀಜರ್ ಪೂರ್ತಿ ತುಂಬಿದ್ದರೆ 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ಅನ್ನುವುದು ಸಾಮಾನ್ಯ ಲೆಕ್ಕ. ನಮ್ಮಂಥ ಹಳೆ ಸಿಂಗಲ್ ಡೋರ್ ಫ್ರಿಜ್ ಇರುವವರು ಅಷ್ಟನ್ನೂ ನಂಬಬಾರದು. ಖಾಲಿ ಜಾಗಕ್ಕೆಲ್ಲ ನೀರಿನ ಬಾಟಲಿ ತುಂಬಿಸಿಡುತ್ತೇನೆ, ಮಂಜುಗಡ್ಡೆಯಾದ ಬಾಟಲಿ ತಂಪನ್ನು ಬಿಡದೆ ಹಿಡಿಯುತ್ತದೆ. ಒಂದು ಲೋಟದಲ್ಲಿ ನೀರು ಗಟ್ಟಿಯಾಗಿಸಿ ಮೇಲೊಂದು ನಾಣ್ಯ ಇಟ್ಟಿರುತ್ತೇನೆ. ಊರಿಗೆ ಹೋಗಿ ಬಂದಾಗ ನಾಣ್ಯ ಮೇಲೆಯೇ ಇದ್ದರೆ ಒಳ್ಳೆಯದು. ಲೋಟದ ತಳ ಸೇರಿದ್ದರೆ ನಾವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ, ಮಾಂಸವನ್ನೂ ಮಸಾಲೆಯನ್ನೂ ಎಸೆಯಬೇಕು. ಮನಸ್ಸಿಗೆ ಕಷ್ಟವಾದರೂ ಎಸೆಯಬೇಕು.

ಇಲ್ಲಿ ಅತ್ತೆಯೇ ಗುರು. "ಕರೆಂಟು ನಂಬ್ಕೊಂಡು ಮಳೆಗಾಲ ಕಳೀತೀಯಾ? ಬೇಸಿಗೇಲೇ ಮಾಡ್ಕೊಳಮ್ಮ" ಅಂದರು. ಅವರು ಹೇಳಿದ ಹಾಗೆ ಏಪ್ರಿಲ್, ಮೇ ಬಿಸಿಲಿನಲ್ಲಿ ಮೆಣಸಿನಕಾಯಿ ಒಣಗಿಸಿ ಸಾರಿನ ಪುಡಿ, ಹುರುಳಿ ಚಟ್ನಿಪುಡಿ, ಬಾಳಕದ ಮೆಣಸಿನಕಾಯಿ, ಅಕ್ಕಿ ಸಂಡಿಗೆ, ಹಲಸಿನ ಹಪ್ಪಳ ಮಾಡಿಟ್ಟುಕೊಳ್ಳುತ್ತೇವೆ. ಮಿಕ್ಸಿ ಓಡದ ದಿನ ಪುಡಿಯೇ ಗತಿ. ಫ್ರೀಜರಿನ ಮಸಾಲೆ ತುಂಡುಗಳನ್ನು ಜೂನ್ ಮೊದಲ ವಾರಕ್ಕೆ ಖಾಲಿ ಮಾಡಿ, ಅಲ್ಲಿಂದ ಸೆಪ್ಟೆಂಬರಿನವರೆಗೆ ಎರಡು ದಿನಕ್ಕಾಗುವಷ್ಟನ್ನೇ ಮಾಡುವುದು. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಇಲ್ಲಿಗೆ ಹಸಿ ಮೀನು ಬರುವುದೂ ಕಡಿಮೆ. ಆಗ ಒಣಮೀನು, ಹಲಸಿನ ಬೀಜ, ಕೆಸುವು, ಕಳಲೆ. ಸಂತೆಯಲ್ಲಿ ಕಳಲೆಯನ್ನು ಸಣ್ಣಗೆ ಹೆಚ್ಚಿ ನೀರಿನಲ್ಲಿ ಹಾಕಿಟ್ಟು ಮಾರುತ್ತಾರೆ, ಇಲ್ಲಿಯವರು ಬೈಂಬಳೆ ಅನ್ನುತ್ತಾರೆ. ತಂದ ಮೇಲೂ ಎರಡು ದಿನ ನೀರು ಬದಲಾಯಿಸಿ, ಚೆನ್ನಾಗಿ ಕುದಿಸಿ ಆ ನೀರನ್ನೂ ಚೆಲ್ಲಿದ ಮೇಲೆಯೇ ಅಡುಗೆ. ಹಸಿ ಕಳಲೆಯಲ್ಲಿ ಸೈನೈಡ್ ಬಿಡುವ ಅಂಶ ಇರುತ್ತದೆ, ಹಿರಿಯರು ಇದನ್ನು ನೆನೆಹಾಕಿ ತಿನ್ನುತ್ತಿದ್ದದ್ದು ಸುಮ್ಮನೆ ಅಲ್ಲ.

ಈಗ ಒಂದು ಸಾಧಾರಣ ಸಂಜೆ ಹೇಗಿರುತ್ತದೆ ಅಂದರೆ, ಬಂದ ಕೂಡಲೇ ಕುಕ್ಕರಿನಲ್ಲಿ ಅನ್ನಕ್ಕಿಡುತ್ತೇನೆ. ಪಕ್ಕದ ಒಲೆಯಲ್ಲಿ ಹುರುಳಿ ಕಟ್ಟು ಕುದಿಗೆ ಬಂದಾಗ ಆರು ತುಂಡು ಮಸಾಲೆ ಅದರೊಳಗೆ. ತುಂಡು ಕರಗುತ್ತಿದ್ದಂತೆ ಹುಣಸೆ ರಸ, ಉಪ್ಪು. ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಹಾಕುವಾಗ ಅತ್ತೆ ಪಡಸಾಲೆಯಿಂದ, "ಇವತ್ತು ಹುರುಳಿನಾ?" ಅಂತ ಕೇಳುತ್ತಾರೆ. ಹೆಚ್ಚಿಟ್ಟ ಬೀನ್ಸು ಬಾಣಲೆಗೆ. ಏಳೂಕಾಲಕ್ಕೆಲ್ಲ ಊಟಕ್ಕೆ ಕೂರಬಹುದು. ಬುಧವಾರ ನನಗೆ ಕಚೇರಿಯಲ್ಲಿ ತಡ, ಆ ದಿನ ಯಜಮಾನರೇ ಮಾಡುತ್ತಾರೆ. ಡಬ್ಬಿಯ ಮೇಲೆ ಹೆಸರು, ತಾರೀಖು ಇರುವುದರಿಂದ ಯಾವುದೆಲ್ಲಿದೆ ಅಂತ ಫೋನ್ ಮಾಡಿ ಕೇಳುವ ಪ್ರಶ್ನೆಯೇ ಇಲ್ಲ. ನನಗೆ ಅತಿ ಹೆಚ್ಚು ನೆಮ್ಮದಿ ಕೊಟ್ಟದ್ದು ಇದೇ. ಅಡುಗೆಮನೆಯ ಲೆಕ್ಕ ನನ್ನೊಬ್ಬಳ ತಲೆಯಲ್ಲಿದ್ದದ್ದು ಈಗ ಎಲ್ಲರ ಕಣ್ಣ ಮುಂದಿದೆ.

ಹೊಸದಾಗಿ ಶುರು ಮಾಡುವವರು ಹತ್ತು ಬಗೆಯ ಡಬ್ಬಿ ಕೊಂಡು ಒಂದೇ ಶನಿವಾರ ಎಲ್ಲವನ್ನೂ ಮಾಡಲು ಹೋಗಬೇಡಿ. ಮೊದಲ ವಾರಗಳಲ್ಲಿ ಸುಲಿದ ಬೆಳ್ಳುಳ್ಳಿ, ಕಾಯಿ ತುರಿ, ಒಂದು ಬಗೆಯ ಬೆಂದ ಕಾಳು ಇಷ್ಟು ಸಾಕು. ಮನೆಯಲ್ಲಿರುವ ಸ್ಟೀಲ್ ಡಬ್ಬಿಗಳೇ ಆಗುತ್ತವೆ. ಕಾಚಂಪುಳಿ, ಉಪ್ಪಿನಕಾಯಿಯಂಥ ಹುಳಿ ಪದಾರ್ಥಕ್ಕೆ ಮಾತ್ರ ಗಾಜು. ಐಸ್‌ಕ್ರೀಮಿನ ಖಾಲಿ ಡಬ್ಬಿಗೆ ಬಿಸಿ ಪದಾರ್ಥ ಸುರಿಯಬೇಡಿ. ಹಸಿ ಮಾಂಸ ಯಾವಾಗಲೂ ಫ್ರಿಜ್‌ನ ಕೆಳಗಿನ ತಟ್ಟಿನಲ್ಲಿ, ಮುಚ್ಚಿದ ಪಾತ್ರೆಯಲ್ಲಿ. ಫ್ರೀಜರಿನ ಮಾಂಸವನ್ನು ಹಿಂದಿನ ರಾತ್ರಿ ಕೆಳಗಿಳಿಸಿ ಫ್ರಿಜ್‌ನಲ್ಲೇ ಕರಗಿಸಿ, ಅಡುಗೆ ಕಟ್ಟೆಯ ಮೇಲಲ್ಲ. ಆಲೂಗಡ್ಡೆ, ಕಾಯಿ ಚಟ್ನಿ, ಸೊಪ್ಪಿನ ಪಲ್ಯ ಇವುಗಳನ್ನು ಮುಂಚೆ ಮಾಡಿಡುವ ಆಸೆ ಬೇಡ, ಅವು ಆಗಿಂದಾಗಲೇ ಚೆಂದ. ಮೂರು ಪದಾರ್ಥ ಕೈಗೆ ಹತ್ತಿದ ಮೇಲೆ ಮಸಾಲೆಗೆ ಹೋಗಿ, ಮಸಾಲೆ ಕೈಗೆ ಹತ್ತಿದ ಮೇಲೆ ತರಿಗೆ. ನಮ್ಮ ಮನೆಯಲ್ಲಿ ಮುಂದಿನ ಸರದಿ ಗೊಜ್ಜಿನದು, ಈ ಬೇಸಿಗೆಯಲ್ಲಿ ಕಾಡುಮಾವು ಬಂದಾಗ ಅತ್ತೆಯ ಹತ್ತಿರ ಕೂತು ಕಲಿಯಬೇಕು ಅಂತಿದ್ದೇನೆ.